ಕದಿರಪ್ಪನ ಕೈಗುಣ

ಬೊಮ್ಮದಿನ್ನೆಯ ಕದಿರಪ್ಪ ತನ್ನನ್ನು ‘ಎಲೆಕ್ಟ್ರಾನಿಕ್ಸ್ ಲೈನಿನವನು’ ಎಂದು ಹೇಳಿಕೊಳ್ಳುತ್ತಿದ್ದ. ಅದು ಪೂರ್ತಿ ಸುಳ್ಳೇನಲ್ಲ. ಮಾರಿಕುಪ್ಪಂ ರೈಲು ಬಂಗಾರಪೇಟೆಗೆ ಬಂದಾಗ ಅದಕ್ಕೆ ನೇತುಬಿದ್ದು ಬೆಂಗಳೂರಿಗೆ ಹೋಗಿ, ಅಲ್ಲೊಂದು ಕಂಪನಿಯಲ್ಲಿ ಕೆಲವು ವರ್ಷ ದುಡಿದಿದ್ದ. ಕಂಪನಿ ಎಲೆಕ್ಟ್ರಾನಿಕ್ ಸಾಮಾನು ತಯಾರಿಸುತ್ತಿತ್ತು. ಕದಿರಪ್ಪ ಆ ಸಾಮಾನು ತುಂಬಿದ ರಟ್ಟಿನ ಡಬ್ಬಗಳಿಗೆ ಟೇಪು ಅಂಟಿಸುತ್ತಿದ್ದ. ಡಬ್ಬದ ಒಳಗೇನಿದೆ ಎಂದು ನೋಡುವ ಅವಕಾಶ ಅವನಿಗೆ ಇರಲಿಲ್ಲ, ಆಸೆಯೂ ಇರಲಿಲ್ಲ. ಕಂಪನಿ ಬಾಗಿಲು ಹಾಕಿ ಊರಿಗೆ ಬಂದ ಮೇಲೆ ಮಾತ್ರ, ಒಳಗಿದ್ದದ್ದನ್ನೆಲ್ಲ ತಾನೇ ಕೂತು ಮಾಡಿದವನಂತೆ ಮಾತಾಡತೊಡಗಿದ.

ಮನೆ ನಡೆಯುತ್ತಿದ್ದದ್ದು ಅವನ ಹೆಂಡತಿ ಮುನಿನಾರಾಯಣಮ್ಮನ ಹಸುಗಳಿಂದ. ಮೇವು ಕೊಯ್ಯುವುದು, ಸಗಣಿ ಬಾಚುವುದು, ಹಾಲು ಕರೆಯುವುದು, ಎರಡು ಹೊತ್ತೂ ಅದನ್ನು ಊರ ಡೈರಿಗೆ ಹಾಕಿ ಬರುವುದು, ಎಲ್ಲ ಆಕೆಯದೇ. ಡೈರಿಯ ಸದಸ್ಯತ್ವ ಮಾತ್ರ ಗಂಡನ ಹೆಸರಿನಲ್ಲಿತ್ತು, ಯಾಕೆಂದರೆ ಸಹಿ ಹಾಕಲು ಕರೆದ ದಿನ ಕೆಲಸವಿಲ್ಲದೆ ಕೂತಿದ್ದವನು ಅವನೊಬ್ಬನೇ. ಬೊಮ್ಮದಿನ್ನೆಯಲ್ಲಿ ಹಾಲಿನ ಜಿಡ್ಡಿನ ಅಳತೆಗೆ ಡಿಗ್ರಿ ಎನ್ನುತ್ತಾರೆ. ಮನುಷ್ಯರ ಮರ್ಯಾದೆಯ ಅಳತೆಯೂ ಅಲ್ಲಿ ಅದೇ. ಮುನಿನಾರಾಯಣಮ್ಮನ ಡಿಗ್ರಿಯನ್ನು ಊರಿನಲ್ಲಿ ಯಾರೂ ಮುಟ್ಟಿರಲಿಲ್ಲ. ತೊಳೆದ ನೀರಿನ ಒಂದು ಹನಿಯೂ ಉಳಿಯದಂತೆ ಕ್ಯಾನನ್ನು ಬೋರಲು ಹಾಕಿ ಒಣಗಿಸುವ ಹೆಂಗಸು ಆಕೆ. ಉಳಿದ ಮನೆಗಳಲ್ಲಿ ಹನಿಯ ವಿಚಾರದಲ್ಲಿ ಅಷ್ಟು ಕಟ್ಟುನಿಟ್ಟಿರಲಿಲ್ಲ. ಚೊಂಬಿನ ವಿಚಾರದಲ್ಲೂ ಇರಲಿಲ್ಲ.

ಹೀಗೆ ಹೆಂಡತಿ ದುಡಿಯುತ್ತಿರಲು, ಗಂಡ ಜಗಲಿಯ ಮೇಲೆ ಕೂತು ಫೋನಿನಲ್ಲಿ ವಿಡಿಯೋ ನೋಡುತ್ತಿದ್ದ. ಹವ್ಯಾಸಕ್ಕೆ ಸಣ್ಣಪುಟ್ಟ ಸರ್ಕ್ಯೂಟ್ ಕಟ್ಟುವವರ ವಿಡಿಯೋಗಳು. ತಾನೂ ಏನಾದರೂ ಕಟ್ಟಬೇಕೆಂದು ಅವನಿಗೆ ಅನ್ನಿಸಿತು. ಏನು ಎಂಬುದು ಮುಖ್ಯವಾಗಿರಲಿಲ್ಲ. ವಿಡಿಯೋದವನು ‘ಮೊದಲು ಒಂದು ಒಳ್ಳೆಯ ಪವರ್ ಸಪ್ಲೈ ಬೇಕು’ ಎಂದದ್ದಷ್ಟೇ ಕಿವಿಗೆ ಬಿತ್ತು. ‘ನೀವು ಮಾಡುವ ಕೆಲಸಕ್ಕೆ ಎಷ್ಟು ಬೇಕೋ ಅಷ್ಟನ್ನು ನೋಡಿ ಆರಿಸಿ’ ಎಂದು ಅವನು ಮುಂದುವರಿಸುವಷ್ಟರಲ್ಲಿ ಕದಿರಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟಾಗಿತ್ತು.

ಹೋದದ್ದು ಕೋರಮಂಡಲ್‌ನಲ್ಲಿ ಹಳೆಯ ಸಾಮಾನು ಮಾರುವ ಸೆಲ್ವರಾಜ್‌ನ ಅಂಗಡಿಗೆ. ಸೆಲ್ವರಾಜ್ ಮೊದಲು ಅಂಗೈಯಗಲದ ಒಂದು ಅಡಾಪ್ಟರ್ ತೋರಿಸಿದ.

“ಸ್ಟಾರ್ಟಿಂಗ್‌ಗೆ ಇದು ಸಾಕು ಸಾರ್. ಏನ್ ಪ್ರಾಜೆಕ್ಟ್ ಮಾಡ್ತೀರಾ?”

“ಎಲ್ಲಾ ಮಾಡ್ತೀನಿ,” ಎಂದ ಕದಿರಪ್ಪ.

“ಎಷ್ಟು ವೋಲ್ಟ್ ಬೇಕು?”

“ನಿನ್ತಾವ ಎಷ್ಟೈತೆ?”

ಸೆಲ್ವರಾಜ್ ಮೂಲೆಯಿಂದ ಧೂಳು ಹಿಡಿದ ಒಂದು ಪೆಟ್ಟಿಗೆ ಎಳೆದ. ಮುಂದೆ ಕೆಂಪು ಅಂಕಿ ಬೆಳಗುವ ಎರಡು ಕಿಟಕಿ, ಕೆಳಗೆ ತಿರುಗಿಸುವ ಎರಡು ನಾಬು, ಒಂದು ಕೆಂಪು ವೈರು, ಒಂದು ಕಪ್ಪು ವೈರು. “ಸೊನ್ನೆಯಿಂದ ಮೂವತ್ತು ವೋಲ್ಟ್ ತನಕ ಬರುತ್ತೆ ಸಾರ್. ಆದ್ರೆ ನಿಮಗೆ ಮೂವತ್ತು ಎದಕ್ಕೆ?”

“ಮೂವತ್ತೂ ಬೇಕು. ಅರ್ಧಂಬರ್ಧ ತಗೊಂಡೋಗೋನಲ್ಲ ನಾನು.”

ಕದಿರಪ್ಪ ಒಂದು ಕೈಯಲ್ಲಿ ಅಡಾಪ್ಟರ್, ಇನ್ನೊಂದರಲ್ಲಿ ಪೆಟ್ಟಿಗೆ ಎತ್ತಿ, ಸಂತೆಯಲ್ಲಿ ಕುಂಬಳಕಾಯಿ ನೋಡುವಂತೆ ತೂಗಿ ನೋಡಿದ. ಪೆಟ್ಟಿಗೆ ಭಾರವಾಗಿತ್ತು. ಆಯ್ಕೆ ಅಲ್ಲಿಗೆ ಮುಗಿಯಿತು.

“ಸಾರ್, ಈ ನಾಬು ವೋಲ್ಟ್, ಇದು ಆಂಪಿಯರ್. ಮೊದಲು ವೋಲ್ಟ್ ಸೆಟ್ ಪಣ್ಣಿ, ಆಮೇಲೆ ಸಾಮಾನು ಕನೆಕ್ಟ್ ಮಾಡಿ. ಓಡ್ತಾ ಇರೋವಾಗ ಮಾತ್ರ ತಿರುಗಿಸಬೇಡಿ.”

“ನಂಗೇ ಏಳ್ಕೊಡ್ತೀಯಾ? ನಾನು ಅದೇ ಲೈನಾಗೇ ಇದ್ದೋನು.”

ವರ್ಷಗಟ್ಟಲೆ ಯಾರೂ ಕೇಳದ ಸಾಮಾನು ಹೊರಡುತ್ತಿರುವಾಗ ಗಿರಾಕಿಗೆ ಬುದ್ಧಿ ಹೇಳುವಷ್ಟು ದಡ್ಡ ಸೆಲ್ವರಾಜ್ ಆಗಿರಲಿಲ್ಲ. ನಮಸ್ಕಾರ ಹಾಕಿ ಕಳಿಸಿಕೊಟ್ಟ.

ಮನೆಗೆ ತಂದ ಪೆಟ್ಟಿಗೆಗೆ ಕದಿರಪ್ಪ ಒಂದು ಪುಟಾಣಿ ದೀಪ ಸಿಕ್ಕಿಸಿ ನಾಬು ತಿರುಗಿಸಿದ. ದೀಪ ಒಮ್ಮೆ ಕಣ್ಣು ಬಿಟ್ಟು ಶಾಶ್ವತವಾಗಿ ಮುಚ್ಚಿಕೊಂಡಿತು. ಎರಡನೆಯದೂ ಹಾಗೇ. ದೀಪಗಳೆಲ್ಲ ಡೂಪ್ಲಿಕೇಟ್ ಎಂದು ತೀರ್ಪು ಕೊಟ್ಟು, ಪೆಟ್ಟಿಗೆಯನ್ನು ಟಿವಿಯ ಪಕ್ಕದಲ್ಲಿಟ್ಟು, ಹೂವಿನ ಕಸೂತಿಯ ಬಟ್ಟೆ ಹೊದಿಸಿದ. ಯಾರಾದರೂ ಮನೆಗೆ ಬಂದರೆ ಬಟ್ಟೆ ಸರಿಸಿ ಸ್ವಿಚ್ ಹಾಕುತ್ತಿದ್ದ. ಕೆಂಪು ಅಂಕಿ ಬೆಳಗುತ್ತಿತ್ತು. ಅವನ ಎಲೆಕ್ಟ್ರಾನಿಕ್ಸ್ ಅಷ್ಟಕ್ಕೇ ಮುಗಿಯುತ್ತಿತ್ತು.

ಒಂದು ದಿನ ಪಕ್ಕದ ಮನೆಯ ಮುನಿಶಾಮಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು. ಕದಿರಪ್ಪ ಬಟ್ಟೆ ಸರಿಸಿದ.

“ಅದೇನಣ್ಣ, ನಂಬರ್ ಬತ್ತೈತೆ?”

“ನಿಂಗೆ ತಿಳಿಯಂಗೆ ಏಳ್ತೀನಿ ಕೇಳಕ್ಕ. ವೋಲ್ಟು ಅಂದ್ರೆ ಆಲಿನ ಡಿಗ್ರಿ ಇದ್ದಂಗೆ. ಆಂಪಿಯರ್ ಅಂದ್ರೆ ಲೀಟ್ರು ಇದ್ದಂಗೆ. ಈ ನಾಬು ತಿರುಗ್ಸುದ್ರೆ ಡಿಗ್ರಿ ಏರ್ತೈತೆ. ನೋಡು, ಅನ್ನೆರಡು, ಅದ್ಮೂರು.”

ಮುನಿಶಾಮಮ್ಮ ಮಜ್ಜಿಗೆ ಮರೆತು ನಿಂತಳು. ಕದಿರಪ್ಪ ಆವರೆಗೆ ಹೇಳಿದ್ದರಲ್ಲೆಲ್ಲ ಹೆಚ್ಚುಕಮ್ಮಿ ಸರಿಯಾದ ಮಾತು ಎಂದರೆ ಇದೊಂದೇ. ಅವನನ್ನು ಮುಳುಗಿಸಿದ್ದೂ ಇದೇ.

ಅದಾದ ಕೆಲವೇ ದಿನಕ್ಕೆ, ಒಂದು ಸಂಜೆ, ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಮಿಷಿನ್ನಿನ ಅಡಾಪ್ಟರ್ ಸುಟ್ಟುಹೋಯಿತು. ಮಿಷಿನ್ ಚೆನ್ನಾಗೇ ಇತ್ತು; ಅದಕ್ಕೆ ಹನ್ನೆರಡು ವೋಲ್ಟ್ ಕೊಡುವ ಡಬ್ಬಿ ಮಾತ್ರ ಸತ್ತಿತ್ತು. ಸೆಕ್ರೆಟ್ರಿ ವೆಂಕಟೇಶಪ್ಪ ಬಂಗಾರಪೇಟೆಗೆ ಹೋಗಿ ಹೊಸದು ತರಲು ಗಾಡಿ ಸ್ಟಾರ್ಟ್ ಮಾಡುತ್ತಿರುವಾಗಲೇ ಕದಿರಪ್ಪ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಪ್ರತ್ಯಕ್ಷನಾದ.

“ನಾನಿರುವಾಗ ಬಂಗಾರಪೇಟೆ ಯಾಕೆ?”

ವೆಂಕಟೇಶಪ್ಪ ಸೋಮಾರಿ. ಬಂಗಾರಪೇಟೆಗೆ ಹೋಗುವುದನ್ನು ತಪ್ಪಿಸುವ ಯಾವ ವಿಜ್ಞಾನವನ್ನಾದರೂ ಗೌರವಿಸುವವನು. ಗಾಡಿ ಆರಿಸಿದ.

ಕದಿರಪ್ಪ ಹನ್ನೆರಡಕ್ಕೆ ನಾಬು ಇಟ್ಟು ವೈರು ಕೊಟ್ಟ. ಮಿಷಿನ್ ಮಿಣುಕಿ ಆರಿತು, ಮತ್ತೆ ಮಿಣುಕಿ ಮತ್ತೆ ಆರಿತು. ಆಂಪಿಯರ್ ಜಾಸ್ತಿಯಾದರೆ ಮಿಷಿನ್ನಿಗೆ ಹೊಡೆಯುತ್ತದೆ ಎಂಬ ಭಯದಲ್ಲಿ ಆ ನಾಬನ್ನು ಪೂರ್ತಿ ಇಳಿಸಿಟ್ಟಿದ್ದ. ಬೇಕಾದಷ್ಟು ಕರೆಂಟ್ ಸಿಗದೆ ಮಿಷಿನ್ ಒದ್ದಾಡುತ್ತಿತ್ತು. ಅದರ ಗೋಳು ಅವನಿಗೆ ಅರ್ಥವಾಗಲಿಲ್ಲ. “ಮಿಷಿನ್ ಎದರ್ಕೊಂಡೈತೆ,” ಎಂದು ಹೇಳಿ ಬೆವರು ಒರೆಸಿಕೊಂಡ. ಆಗ ಮೊಣಕೈ ತಾಗಿ ಆಂಪಿಯರ್ ನಾಬು ತಿರುಗಿತು. ಮಿಷಿನ್ ಝಗ್ಗೆಂದು ಬೆಳಗಿ ಕೆಲಸ ಶುರುಮಾಡಿತು. ಸಾಲಿನಲ್ಲಿ ಕ್ಯಾನು ಹಿಡಿದು ನಿಂತಿದ್ದ ಜನ ‘ಓ’ ಎಂದರು. ಮೊಣಕೈಯ ಪಾತ್ರವನ್ನು ಕದಿರಪ್ಪ ಯಾರಿಗೂ ಹೇಳಲಿಲ್ಲ.

ಅಲ್ಲಿಗೆ ಎದ್ದು ಮನೆಗೆ ಬಂದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಅವನು ಕುರ್ಚಿ ಹಾಕಿಕೊಂಡು ಪೆಟ್ಟಿಗೆಯ ಪಕ್ಕದಲ್ಲಿ ಕೂತ. ಸುಮ್ಮನೆ ಕೂತರೆ ಜನ ಲೆಕ್ಕಕ್ಕಿಡುವುದಿಲ್ಲವಲ್ಲ, ಪ್ರತಿಯೊಬ್ಬರ ಹಾಲು ಮಿಷಿನ್ನಿಗೆ ಹೋದಾಗಲೂ ಹುಬ್ಬು ಗಂಟಿಕ್ಕಿ ವೋಲ್ಟಿನ ನಾಬನ್ನು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಆಡಿಸುತ್ತಿದ್ದ. ಮುನಿಶಾಮಮ್ಮನ ಸರದಿ ಬಂತು. ಬೆಳಗ್ಗೆಗಿಂತ ಅವಳ ಡಿಗ್ರಿ ಎದ್ದು ಕಾಣುವಷ್ಟು ಏರಿತ್ತು. ಸಂಜೆಯ ಹಾಲಿನಲ್ಲಿ ಜಿಡ್ಡು ಬೆಳಗ್ಗೆಗಿಂತ ಜಾಸ್ತಿಯೇ ಇರುತ್ತದೆ. ಹಸು ಕಟ್ಟಿದವರಿಗೆಲ್ಲ ಇದು ಗೊತ್ತು. ಬೊಮ್ಮದಿನ್ನೆಯವರಿಗೂ ಹಿಂದಿನ ದಿನದವರೆಗೆ ಗೊತ್ತಿತ್ತು.

ಮುನಿಶಾಮಮ್ಮ ಕದಿರಪ್ಪನ ಕೈ ನೋಡಿದಳು, ನಾಬು ನೋಡಿದಳು, ಕೆಂಪು ಅಂಕಿ ನೋಡಿದಳು. ಅವಳ ಮುಖದಲ್ಲಿ ಜ್ಞಾನ ಉದಯಿಸಿತು. ಹಾಲಿನ ಕ್ಯಾನು ತೊಳೆಯುವಷ್ಟರಲ್ಲಿ ಅದು ಊರಿಗೆಲ್ಲ ಹಬ್ಬಿತು.

ಮರುದಿನ ಬೆಳಗ್ಗೆ ಎಲ್ಲರ ಡಿಗ್ರಿಯೂ ಇಳಿಯಿತು. ಪೆಟ್ಟಿಗೆ ಡೈರಿಯಲ್ಲೇ ಉಳಿದಿತ್ತು, ಕದಿರಪ್ಪ ಇನ್ನೂ ಎದ್ದಿರಲಿಲ್ಲ. ಸಂಜೆ ಅವನು ಬಂದು ಕೂತ, ಡಿಗ್ರಿ ಏರಿತು. ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು? ಊರಿನವರು ಹೋಗಿ ಬೆಳಗ್ಗೆಯೂ ಬರಬೇಕೆಂದು ಅವನನ್ನು ಕೇಳಿಕೊಂಡರು. ಮದುವೆಯಾದಂದಿನಿಂದ ಹೊತ್ತು ಮೂಡುವುದನ್ನು ನೋಡದ ಕದಿರಪ್ಪ ಕಂಬಳಿ ಹೊದ್ದು ಬಂದು ಕೂತ. ಆದರೂ ಡಿಗ್ರಿ ಏರಲಿಲ್ಲ.

“ಕೈ ಇನ್ನಾ ಬೆಚ್ಚಗಾಗಿಲ್ಲ,” ಎಂದಳು ಮುನಿಶಾಮಮ್ಮ. ಎಲ್ಲರೂ ಒಪ್ಪಿದರು. ಕದಿರಪ್ಪನಿಗೆ ಬಿಸಿ ಕಾಫಿ ಬಂತು.

ಮನೆಗೆ ಅವರೆಕಾಯಿ ಬರತೊಡಗಿತು. ಟೊಮೇಟೊ ಬಂತು. ಒಂದು ನಾಟಿಕೋಳಿ ಕಾಲು ಕಟ್ಟಿಸಿಕೊಂಡು ಬಂತು. ಸಾಲಿನಲ್ಲಿ ನಿಂತವರು ದೇವರ ಮುಂದೆ ನಿಂತಂತೆ ದನಿ ತಗ್ಗಿಸಿ, “ಕದಿರಣ್ಣ, ನಮ್ದುಕೆ ಒಂಚೂರು ಆ ಕಡೀಕೆ,” ಎನ್ನುತ್ತಿದ್ದರು. ಅವನ ದಾಯಾದಿಗಳು ಸಂಬಂಧ ನೆನಪಿಸಿದರು. ವೆಂಕಟೇಶಪ್ಪನೇ ಒಂದು ಸಂಜೆ ಅವನ ಹೆಗಲ ಮೇಲೆ ಕೈ ಹಾಕಿ, “ಬರೋ ಡೈರಿ ಎಲೆಕ್ಷನ್ಗೆ ನೀನೇ ನಿಂತ್ಕೋ ಕಣ್ಲಾ. ಅಧ್ಯಕ್ಷನ್ನ ಮಾಡುವಾ. ಯಾರೂ ಎದುರು ನಿಲ್ಲಲ್ಲ,” ಎಂದ. ಟೇಪು ಅಂಟಿಸುತ್ತಿದ್ದವನಿಗೆ ಅಧ್ಯಕ್ಷಗಿರಿ. ಕದಿರಪ್ಪ ಅಂದಿನಿಂದ ಇಸ್ತ್ರಿ ಮಾಡಿದ ಷರ್ಟು ಹಾಕತೊಡಗಿದ.

ನಾಬು ತಿರುಗಿಸಿದರೆ ಡಿಗ್ರಿ ಏರುವುದಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲವೇ? ಮೊದಲ ದಿನ ಗೊತ್ತಿತ್ತು. ಕೋಳಿ ಬಂದ ದಿನ ಅನುಮಾನ ಶುರುವಾಯಿತು. ಅಧ್ಯಕ್ಷಗಿರಿಯ ಮಾತು ಬಂದ ಮೇಲೆ ಪೂರ್ತಿ ನಂಬಿಕೆ ಬಂತು.

ಇದರಲ್ಲಿ ನೊಂದವಳು ಮುನಿನಾರಾಯಣಮ್ಮ ಒಬ್ಬಳೇ. ಒಂದು ಸಂಜೆ ಎಂದಿನಂತೆ ಆಕೆಯ ಡಿಗ್ರಿ ಎಲ್ಲರಿಗಿಂತ ಮೇಲೆ ನಿಂತಾಗ, ಹಿಂದಿನಿಂದ ಯಾರೋ, “ನಿಂಗೇನಮ್ಮಾ, ಮನೇಗೇ ನಾಬೈತೆ,” ಎಂದರು. ಎಲ್ಲರೂ ನಕ್ಕರು. ಹಸುಗಳ ಹಿಂದೆ ಸವೆಸಿದ ಆಯಸ್ಸೆಲ್ಲ ಆ ನಗುವಿನಲ್ಲಿ ಕೊಚ್ಚಿಹೋದಂತೆ ಆಕೆಗಾಯಿತು. ಮನೆಗೆ ಬಂದು ಗಂಡನ ಎದುರು ಕೂತಳು.

“ಊರ್ನೋರಿಗೆ ಏಳ್ಬುಡು, ಆ ಡಬ್ಬದಿಂದ ಏನೂ ಆಗಲ್ಲ ಅಂತ. ನನ್ ಆಲಿನ ಎಸರು ಓಗ್ತಾ ಐತೆ.”

ಕದಿರಪ್ಪ ಕೋಳಿಸಾರಿನಲ್ಲಿ ಮುದ್ದೆ ಅದ್ದುತ್ತಿದ್ದ. “ಎಸರು ಎಲ್ಲಿಗೋಯ್ತದೆ. ಈಗ ನೋಡು, ನಿನ್ ಡಿಗ್ರಿಗೂ ನಾನು ವಸಿ ಕೈ ಕೊಡ್ತೀನಲ್ಲ.”

ಆಕೆ ಮುದ್ದೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ತಟ್ಟೆ ಗಂಡನದೇ ಆಗಿತ್ತು, ಊಟ ಇನ್ನೂ ಮುಗಿದಿರಲಿಲ್ಲ.

ಇತ್ತ ಊರಿನಲ್ಲಿ ಚೊಂಬುಗಳಿಗೆ ಧೈರ್ಯ ಬಂದಿತ್ತು. ನಾಬಿರುವಾಗ ನೀರಿಗೆ ಯಾಕೆ ಹೆದರಬೇಕು? ಒಂದು ಚೊಂಬು ಹಾಕುವವರು ಬಿಂದಿಗೆಗೆ ಬಡ್ತಿ ಪಡೆದರು. ಮಿಷಿನ್ನಿಗೆ ದಾಕ್ಷಿಣ್ಯವಿಲ್ಲ; ಎಲ್ಲರ ಡಿಗ್ರಿಯೂ ಇಳಿಯತೊಡಗಿತು, ಸಂಜೆಯದೂ. ತನ್ನ ಹಾಲಿಗೆ ನೀರು ಬಿದ್ದಿದೆ ಎಂದು ಒಬ್ಬರೂ ನೆನೆಸಿಕೊಳ್ಳಲಿಲ್ಲ. ಕದಿರಪ್ಪ ಬೇಕಾದವರಿಗೆ ಆಚೆ ತಿರುಗಿಸಿ, ಬೇಡದವರಿಗೆ ಈಚೆ ತಿರುಗಿಸುತ್ತಿದ್ದಾನೆ ಎಂದು ಎಲ್ಲರೂ ಎಲ್ಲರ ಮೇಲೂ ಕಣ್ಣಿಟ್ಟರು. ಕೋಳಿ ಕೊಟ್ಟವರಂತೂ ಕುದಿದುಹೋದರು. ಕೊನೆಗೆ ಯಾರೋ ಬಂಗಾರಪೇಟೆಗೆ ಫೋನ್ ಮಾಡಿ, ಡೈರಿಯಲ್ಲಿ ಡಿಗ್ರಿ ಕಳ್ಳತನ ನಡೆಯುತ್ತಿದೆ ಎಂದು ದೂರು ಹೇಳಿದರು.

ಮರುದಿನ ಸಂಜೆ ಹಾಲಿನ ಒಕ್ಕೂಟದ ಅಧಿಕಾರಿ ಶ್ಯಾಮಲಾ ಬಂದಿಳಿದರು. ಊರು ಕ್ಯಾನು ಸಮೇತ ಸೇರಿತು. ಮುನಿನಾರಾಯಣಮ್ಮನೂ ಇದ್ದಳು.

ಶ್ಯಾಮಲಾ ಪೆಟ್ಟಿಗೆಯನ್ನು ಒಮ್ಮೆ ನೋಡಿ ಕುರ್ಚಿಯ ಮೇಲಿದ್ದವನನ್ನು ನೋಡಿದರು. “ನೋಡಿ ಕದಿರಪ್ಪನವರೇ, ಇದರಿಂದ ನೀವು ಡಿಗ್ರಿ ಏರಿಸೋದು ನಿಜ ಆದ್ರೆ ಅದು ಮೋಸ. ಸದಸ್ಯತ್ವ ರದ್ದಾಗುತ್ತೆ, ಪೊಲೀಸಿಗೂ ಹೋಗಬೇಕಾಗುತ್ತೆ. ಇದು ಬರೀ ಪವರ್ ಸಪ್ಲೈ ಆಗಿದ್ರೆ ಏನೂ ತಪ್ಪಿಲ್ಲ. ಯಾವುದು ಹೇಳಿ.”

ಇಷ್ಟು ಸುಲಭದ ಪ್ರಶ್ನೆಯನ್ನು ಸರ್ಕಾರದ ಯಾವ ಪರೀಕ್ಷೆಯಲ್ಲೂ ಯಾರೂ ಕೇಳಿರಲಾರರು. ಆದರೆ ಕದಿರಪ್ಪ ಎರಡೂ ಉತ್ತರಗಳನ್ನು ತೂಗಿ ನೋಡಿದ. ಏನೂ ಆಗುವುದಿಲ್ಲ ಎಂದರೆ ತಿಂದ ಕೋಳಿಗೆ ಲೆಕ್ಕ ಹೇಳಬೇಕು, ಅಧ್ಯಕ್ಷಗಿರಿ ಹೋಗುತ್ತದೆ. ಆಗುತ್ತದೆ ಎಂದರೆ ಠಾಣೆ. ಅವನು ಎಲ್ಲರ ಮುಖ ನೋಡಿದ. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಆಕೆಗೆ ಬೇಕಾಗಿದ್ದದ್ದು ಒಂದು ಮಾತು, ಅದು ನಿಜವಾದ ಮಾತು. ಕದಿರಪ್ಪ ಕೆಮ್ಮಿದ.

ಶ್ಯಾಮಲಾ ಕಾಯಲಿಲ್ಲ. ಮುನಿನಾರಾಯಣಮ್ಮನ ಕ್ಯಾನಿನಿಂದಲೇ ಹಾಲು ತೆಗೆದು ಪರೀಕ್ಷೆಗೆ ಇಟ್ಟರು. ಡಿಗ್ರಿ ಬಂತು. ನಾಬನ್ನು ಒಂಚೂರು ಏರಿಸಿ ಅದೇ ಹಾಲನ್ನು ಮತ್ತೆ ಇಟ್ಟರು. ಅದೇ ಡಿಗ್ರಿ. ನಾಬನ್ನು ಇಳಿಸಿದರು, ಮಿಷಿನ್ ಆರಿತು. ಏರಿಸಿದರು, ಹೊತ್ತಿತು, ಮತ್ತೆ ಅದೇ ಡಿಗ್ರಿ.

“ನೋಡಿದ್ರಲ್ಲ, ಡಿಗ್ರಿ ಈ ಅಮ್ಮನ ಹಸುವಿನದು, ಪೆಟ್ಟಿಗೆಯದಲ್ಲ,” ಎಂದರು. ಮುನಿನಾರಾಯಣಮ್ಮ ಎಷ್ಟೋ ದಿನದ ಮೇಲೆ ತಲೆಯೆತ್ತಿ ನಿಂತಳು. ಶ್ಯಾಮಲಾ ಮುಂದುವರಿಸಿದರು. “ಮೋಸ ಏನೂ ಆಗಿಲ್ಲ. ಈ ಮನುಷ್ಯನಿಗೆ ಅದೆಲ್ಲ ಬರಲ್ಲ. ಇವರಿಗೆ ಇದರ ಬಗ್ಗೆ ಏನೂ ಗೊತ್ತಿಲ್ಲ.”

ಕಳ್ಳನೆಂದಿದ್ದರೆ ಕದಿರಪ್ಪ ತಡೆದುಕೊಳ್ಳುತ್ತಿದ್ದ. ಗೊತ್ತಿಲ್ಲ ಎಂದದ್ದನ್ನು ತಡೆದುಕೊಳ್ಳಲಾಗಲಿಲ್ಲ. ಕುರ್ಚಿಯಿಂದ ಎದ್ದ.

“ಮೇಡಂ, ನೀವು ತಿರುಗ್ಸುದ್ರೆ ಆಗಲ್ಲ. ಅದ್ಕೆ ಕೈ ಬೇಕು. ಸರೀರಿ.”

“ಬ್ಯಾಡ,” ಎಂದಳು ಮುನಿನಾರಾಯಣಮ್ಮ. “ಸುಮ್ಕಿರು. ಆಯಮ್ಮ ಬುಟ್ಬುಟ್ಟವ್ರೆ.”

ಕದಿರಪ್ಪ ತೋಳು ಮಡಚಿದ. ಹದಿಮೂರು. ಹದಿನೈದು. “ಇನ್ನಾ ಕೈ ಬೆಚ್ಚಗಾಗಿಲ್ಲ,” ಎಂದ. ಶ್ಯಾಮಲಾ ‘ಹೋಲ್ಡ್ ಆನ್’ ಎಂದು ಕೈ ಚಾಚುವಷ್ಟರಲ್ಲಿ ಇಪ್ಪತ್ತು ದಾಟಿತ್ತು. ಕೊಟ್ಟ ದುಡ್ಡಿಗೆ ಒಮ್ಮೆಯೂ ನೋಡದ ಮೂವತ್ತನ್ನು ಕದಿರಪ್ಪ ಅಂದು ನೋಡಿದ. ಮಿಷಿನ್ನಿನೊಳಗೆ ಪಟ್ ಎಂದಿತು. ಹಿಂಬದಿಯಿಂದ ಊದುಕಡ್ಡಿಯಂತೆ ಹೊಗೆ ಎದ್ದು, ಸುಟ್ಟ ವಾಸನೆ ಹಾಲಿನ ವಾಸನೆಯನ್ನು ಮೀರಿತು. ಮಿಷಿನ್ನಿನ ಅಂಕಿಗಳೆಲ್ಲ ಆರಿಹೋದವು.

ಮುನಿಶಾಮಮ್ಮ ನಿಟ್ಟುಸಿರು ಬಿಟ್ಟಳು.

“ಏನ್ ಡಿಗ್ರಿ ಕೊಟ್ಟನಪ್ಪಾ. ಮಿಷಿನ್ಗೇ ತಡ್ಕಣಾಕ್ ಆಗ್ಲಿಲ್ಲ.”

ಊರೆಲ್ಲ ತಲೆದೂಗಿತು. ಶ್ಯಾಮಲಾ ತಮ್ಮ ವೃತ್ತಿಯ ಬಗ್ಗೆ ಒಂದು ಕ್ಷಣ ಯೋಚಿಸಿದಂತೆ ಕಂಡಿತು. ಮಿಷಿನ್ ಹಾಳಾಗಿದೆ, ಹೊಸದು ಬರುವವರೆಗೆ ಇಲ್ಲಿ ಹಾಲು ತೆಗೆದುಕೊಳ್ಳುವುದಿಲ್ಲ ಎಂದು ಹೇಳಿ ಜೀಪು ಹತ್ತಿದರು. ಆ ಅಧಿಕಾರಿ ಹೆಂಗಸಿಗೆ ಹೊಟ್ಟೆಕಿಚ್ಚು ಎಂದು ಊರು ತೀರ್ಮಾನಿಸಿತು. ಅಂದಿನ ಹಾಲು ಎಲ್ಲರ ಮನೆಗೆ ವಾಪಸು ಹೋಯಿತು. ತಮ್ಮ ತಮ್ಮ ಹಾಲನ್ನು ತಾವೇ ಕುಡಿಯಬೇಕಾಗಿ ಬಂದಾಗ ಹಲವರ ಮುಖ ಹುಳ್ಳಗಾಯಿತು.

ಮುನಿನಾರಾಯಣಮ್ಮ ಮಾತ್ರ ಕ್ಯಾನನ್ನು ಮನೆಗೆ ತರಲಿಲ್ಲ. ತಮ್ಮನಿಗೆ ಫೋನ್ ಮಾಡಿ ಅವನ ಸ್ಕೂಟರಿನ ಹಿಂದೆ ಕೂತು ನೇರ ಕ್ಯಾಸಂಬಳ್ಳಿಯ ಡೈರಿಗೆ ಹೋದಳು. ಅಲ್ಲಿ ತನ್ನ ಹೆಸರಿನಲ್ಲೇ ಹಾಲು ಹಾಕಿದಳು. ಅಲ್ಲಿ ಆಕೆಯ ಗಂಡ ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ಡಿಗ್ರಿ ನೋಡಿ ಸೆಕ್ರೆಟ್ರಿ ಎದ್ದು ನಿಂತು ‘ಬಾಮ್ಮ, ದಿನಾ ಬಾ’ ಎಂದ. ಬೊಮ್ಮದಿನ್ನೆಗೆ ಹೊಸ ಮಿಷಿನ್, ಅದರದೇ ಅಡಾಪ್ಟರ್ ಸಮೇತ ಬಂದ ಮೇಲೂ ಆಕೆ ದಾರಿ ಬದಲಿಸಲಿಲ್ಲ.

ಕದಿರಪ್ಪ ಅದನ್ನು ಗಮನಿಸಲೇ ಇಲ್ಲ. ಅಧ್ಯಕ್ಷನಾದವನು ಮಾಡುವ ಭಾಷಣವನ್ನು ಕನ್ನಡಿಯ ಮುಂದೆ ಹೇಳಿಕೊಳ್ಳುತ್ತಿದ್ದ. ಒಂದು ದಿನ ಹೊತ್ತು ಇಳಿಯುವಾಗ ವೆಂಕಟೇಶಪ್ಪ ಏದುಸಿರು ಬಿಡುತ್ತಾ ಬಂದ.

“ಲೇ ಕದಿರ, ಮೇಡಂ ಫೋನ್ ಮಾಡಿದ್ರು. ಡೈರಿಗೆ ಆಲು ಆಕ್ದೇ ಇರೋ ಸದಸ್ಯ ಎಲೆಕ್ಷನ್ಗೆ ನಿಲ್ಲಂಗಿಲ್ಲವಂತೆ. ಒಸ ಮಿಷಿನ್ ಬಂದಾಗಿಂದ ನಿನ್ ಎಸರಲ್ಲಿ ಒಂದ್ ಲೀಟ್ರೂ ಬಂದಿಲ್ಲ. ಇವತ್ತು ಸಂಜೆಯಿಂದ ಆದ್ರೂ ಆಕುಸು, ಒಂದಷ್ಟು ದಿನದ ಲೆಕ್ಕ ಆಯ್ತದೆ, ನಿನ್ ಎಸರು ಉಳಿತೈತೆ. ಇಲ್ದಿದ್ರೆ ಕಥೆ ಮುಗೀತು.”

ಕದಿರಪ್ಪ ಹಿತ್ತಲಿಗೆ ಓಡಿದ. ಮುನಿನಾರಾಯಣಮ್ಮ ಸಂಜೆಯ ಹಾಲು ಕರೆದು ಮುಗಿಸಿ ಕ್ಯಾನಿನ ಮುಚ್ಚಳ ಬಿಗಿಯುತ್ತಿದ್ದಳು. ಬೀದಿಯಲ್ಲಿ ತಮ್ಮನ ಸ್ಕೂಟರು ಹಾರನ್ ಮಾಡುತ್ತಿತ್ತು.

“ಇವತ್ತಿಂದ ಆಲು ನನ್ ಎಸರಿಗೆ ಇಲ್ಲೇ ಆಕು,” ಎಂದ. ಆಕೆ ತಿರುಗಿ ನೋಡಲಿಲ್ಲ. ದನಿ ಇಳಿಸಿದ. “ಲೇ, ಅಧ್ಯಕ್ಷಗಿರಿ ಓಗ್ತದೆ ಕಣೆ. ಊರಾಗೆ ತಲೆ ಎತ್ತಂಗಿಲ್ಲ. ಒಂದ್ ಕ್ಯಾನು ಸಾಕು. ಅರ್ಧ ಕ್ಯಾನು ಕೊಡು.”

ಮುನಿನಾರಾಯಣಮ್ಮ ಕ್ಯಾನನ್ನು ಸೊಂಟಕ್ಕೆ ಎತ್ತಿಕೊಂಡಳು. ಕೋಪವೇನೂ ಮಾಡಿಕೊಳ್ಳಲಿಲ್ಲ.

“ಡಿಗ್ರಿ ನಿನ್ ಕೈಯಾಗೈತಲ್ಲ,” ಎಂದಳು, “ಆಲೂ ಅಲ್ಲೇ ಕರ್ಕೋ.”